ಹಳೇ ಗಿರಾಕಿಗಳ ಪುಟ

ಒಬ್ಬ ಹುಡುಗಿಯ ಒಂಬತ್ತು ವರ್ಷದ ಅಳತೆಯನ್ನು ಒಂದೇ ಬೆರಳಲ್ಲಿ ಅಳಿಸಿಹಾಕಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತು ಶುರುವಾಯಿತೆಂದರೆ ಇಳಿಜಾರಿನ ನೀರಿನ ಹಾಗೆ ನನ್ನ ಹೊಗಳಿಕೆಯ ಕಡೆಗೇ ಹರಿಯುತ್ತದೆ, ಆಮೇಲೆ ಹಿಡಿಯುವವರಿಲ್ಲ. ನಮ್ಮೂರಿನಲ್ಲಿ ನನ್ನಷ್ಟು ಲೆಕ್ಕ ಬಲ್ಲವನು ಹಿಂದೆ ಹುಟ್ಟಿಲ್ಲ. ಮುಂದೆ ಹುಟ್ಟುವವನಿಗೂ ನಾನು ಜಾಗ ಬಿಟ್ಟಿಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗಲೇ ಮೇಷ್ಟ್ರ ಜೇಬಿನಲ್ಲಿ ಎಷ್ಟು ಕಡಲೆಕಾಯಿ ಇದೆಯೆಂದು ಅವರ ನಡಿಗೆಯ ಸದ್ದಿನಿಂದ ಹೇಳಿದ್ದೆ. ಹೆಚ್ಚುಕಡಿಮೆ ಹೇಳಿದ್ದೆ. ಹೆಸರು ಮರುಳಸಿದ್ದಪ್ಪ, ಊರವರ ಬಾಯಲ್ಲಿ ಸಿದ್ದಣ್ಣ. ಆಫೀಸಿನ ಬಾಗಿಲಿಗೆ ‘ಡೇಟಾ ತಜ್ಞ’ ಎಂಬ ಹಿತ್ತಾಳೆ ಫಲಕ ಹಾಕಿಸಿಕೊಂಡಿದ್ದೆ. ಅದು ಈಗ ಎಲ್ಲಿದೆಯೆಂದು ಯಾರೂ ಕೇಳಬೇಡಿ.

ನಮ್ಮೂರಿನಲ್ಲಿ ನಿಟ್ಟುಸಿರು ಬಿಟ್ಟರೆ ಕಾಳು ಉದುರುತ್ತದೆ. ಸಾಬಕ್ಕಿಯ ಗಾತ್ರ, ಬೂದಿಯ ಬಣ್ಣ, ಊದಿದರೆ ಉರುಳುವಷ್ಟು ಹಗುರ. ಹೆಂಗಸರು ಬೆಳಗ್ಗೆ ಅಂಗಳದ ಕಸದ ಜೊತೆ ಅದನ್ನೂ ಗುಡಿಸಿ ಬೇಲಿಯ ಬುಡಕ್ಕೆ ಸುರಿಯುತ್ತಾರೆ. ಸುಣ್ಣಕ್ಕೆ ಬೆರೆಸಿದರೆ ಗೋಡೆ ಗಟ್ಟಿಯಾಗುತ್ತದೆಂದು ಗಾರೆ ಕೆಲಸದವರು ಮಗಳ ಮದುವೆ ಗೊತ್ತಾದ ಮನೆಗಳಿಂದ ಚೀಲಗಟ್ಟಲೆ ಹೊತ್ತುಕೊಂಡು ಹೋಗುವುದುಂಟು. ಪರೀಕ್ಷೆಯ ದಿನ ಶಾಲೆಯ ಹಾಲಿನಲ್ಲಿ ಕಾಲು ಜಾರುತ್ತದೆ. ಇದರ ಬಗ್ಗೆ ಒಂದು ಕಟ್ಟಳೆ ಮಾತ್ರ ಬಿಗಿ. ಇನ್ನೊಬ್ಬರ ಕಾಳನ್ನು ಎಣಿಸಬಾರದು, ಯಾಕೆ ಬಿತ್ತೆಂದು ಕೇಳಬಾರದು. ಎದುರಿಗೆ ಕೂತವರ ಮಡಿಲಿಗೆ ನಾಲ್ಕು ಕಾಳು ಉದುರಿದರೆ ಕತ್ತು ಹೊರಳಿಸಿ ಮಳೆಬೆಳೆಯ ಮಾತೆತ್ತಬೇಕು. ಹೊಸ ಸೊಸೆಯ ಸೆರಗು ಜಾಡಿಸಿ ನೋಡಿದ ಅತ್ತೆಯೊಬ್ಬಳನ್ನು ಊರು ಹನ್ನೆರಡು ವರ್ಷ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಆಕೆ ಸತ್ತಾಗಲೂ ಹೋದವರು ಕಡಿಮೆ.

ನಮ್ಮ ಕಂಪನಿಯ ಹೆಸರು ‘ಕೈಯಳತೆ’. ಬಟ್ಟೆ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂಬತ್ತು ಜನ ಸೇರಿ ಟೈಲರುಗಳಿಗಾಗಿ ಒಂದು ಆ್ಯಪ್ ಮಾಡಿದ್ದೆವು. ಗಿರಾಕಿಯ ಉದ್ದ, ಭುಜ, ಎದೆ, ಸೊಂಟ ಎಲ್ಲ ಫೋನಿನಲ್ಲಿ. ಬಟ್ಟೆ ತಯಾರಾದರೆ ಗಿರಾಕಿಗೆ ತಾನಾಗಿ ಸಂದೇಶ. ಯಜಮಾನರು ಧರಣೇಂದ್ರಯ್ಯ, ಮೊದಲು ಗುಂಡಿ ಮತ್ತು ಲೇಸಿನ ವ್ಯಾಪಾರದಲ್ಲಿದ್ದವರು. ಆ್ಯಪ್ ಬರೆದವಳು ಫಿಲೋಮಿನಾ, ಮಾತು ಕಡಿಮೆ, ಕೆಲಸ ಚೊಕ್ಕ. ಆದರೆ ಟೈಲರುಗಳು ಎರಡು ದಿನ ಆ್ಯಪ್ ತಿರುವಿಹಾಕಿ ಮೂರನೇ ದಿನ ಹಳೇ ನೋಟ್‌ಬುಕ್ಕಿಗೇ ಮರಳುತ್ತಿದ್ದರು. ಯಾಕೆಂದು ಕೇಳಿದರೆ, ‘ಚೆನ್ನಾಗಿದೆ ಸ್ವಾಮಿ, ಭಾಳ ಚೆನ್ನಾಗಿದೆ’ ಎನ್ನುತ್ತಿದ್ದರು. ನಮ್ಮೂರಿನವರು ಮುಖದ ಮುಂದೆ ಯಾವುದನ್ನೂ ಚೆನ್ನಾಗಿಲ್ಲ ಎನ್ನುವುದಿಲ್ಲ.

ಬಾಯಿ ಸುಳ್ಳು ಹೇಳಬಹುದು, ಕಾಳು ಹೇಳುತ್ತದೆಯೇ ಎಂಬ ಯೋಚನೆ ಬಂದದ್ದು ನನಗೆ. ಜಗತ್ತಿನಲ್ಲಿ ಇಂಥ ಯೋಚನೆ ನೂರು ವರ್ಷಕ್ಕೊಮ್ಮೆ ಬರುತ್ತದೆ, ಅದೂ ಸ್ನಾನದ ಮನೆಯಲ್ಲಿ. ಫೋನು ನಿಲ್ಲಿಸುವ ಸ್ಟ್ಯಾಂಡಿನ ಕೆಳಗೆ ಒಂದು ತೆಳ್ಳನೆಯ ತಟ್ಟೆ ಇಡಿಸಿದೆ. ಕಾಳು ಬಿದ್ದ ಕೂಡಲೇ ತಟ್ಟೆ ಫೋನಿಗೆ ತಿಳಿಸುತ್ತದೆ. ಆ ಗಳಿಗೆಯಲ್ಲಿ ಯಾವ ಪುಟ ತೆರೆದಿತ್ತೆಂದು ಫೋನು ನನಗೆ ತಿಳಿಸುತ್ತದೆ. ಏಳುನೂರು ಟೈಲರುಗಳಿಗೆ ಸ್ಟ್ಯಾಂಡನ್ನು ಪುಕ್ಕಟೆ ಹಂಚಿದೆವು. ಕಾಳು ಎಣಿಸಲು ಒಪ್ಪಿಗೆ ಎಂಬ ಸಾಲನ್ನು ನಿಯಮಗಳ ಹದಿನಾಲ್ಕನೇ ಪುಟದ ಕೊನೆಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿಸಿದ್ದೆ. ಎಲ್ಲರೂ ‘ಒಪ್ಪಿದ್ದೇನೆ’ ಒತ್ತಿದರು. ಹನ್ನೆರಡು ವರ್ಷ ಕರೆ ಇಲ್ಲದೆ ಕೂತ ಆ ಅತ್ತೆ ನೋಡಿದ್ದು ಒಂದು ಸೆರಗು. ನಾನು ಏಳುನೂರು ಮಡಿಲು ನೋಡುತ್ತಿದ್ದೆ, ಅದೂ ಬಣ್ಣಬಣ್ಣದ ಗ್ರಾಫಿನಲ್ಲಿ.

ಕೆಲಸ ಮಾಡಿತು, ಅದನ್ನು ಸುಳ್ಳೆನ್ನಲಾರೆ. ಪಾಸ್‌ವರ್ಡ್ ಕೇಳುವ ಪುಟದಲ್ಲಿ ಕಾಳಿನ ಮಳೆ ಸುರಿಯುತ್ತಿತ್ತು. ಅದನ್ನು ತೆಗೆದು ಹೆಬ್ಬೆಟ್ಟು ಇಟ್ಟೆವು, ಮಳೆ ನಿಂತಿತು. ‘ಬಟ್ಟೆ ಕೊಡುವ ದಿನಾಂಕ’ ಎಂಬಲ್ಲಿ ಟೈಲರುಗಳು ಎದೆ ಬಿರಿಯುವ ಹಾಗೆ ಉಸಿರು ಬಿಡುತ್ತಿದ್ದರು, ಯಾಕೆಂದರೆ ಆ ದಿನಾಂಕ ಯಾವ ಟೈಲರಿಗೂ ಗೊತ್ತಿರುವುದಿಲ್ಲ. ಅಲ್ಲಿ ‘ಶುಕ್ರವಾರದ ಆಸುಪಾಸು’ ಎಂಬ ಬಟನ್ ಹಾಕಿಸಿದೆ. ಅದೊಂದು ಬಟನ್ನಿಗೆ ಟೈಲರುಗಳ ಸಂಘದವರು ನನಗೆ ಶಾಲು ಹೊದಿಸಿದರು. ಆ ಸಭೆಯಲ್ಲಿ ಐದು ಸಾವಿರ ಜನ ಇದ್ದರು. ಕುರ್ಚಿ ಐವತ್ತಿದ್ದವು, ಕೆಲವು ಖಾಲಿ. ಧರಣೇಂದ್ರಯ್ಯನವರು, ‘ಇವನು ಮನುಷ್ಯ ಅಲ್ಲ ಕಣ್ರಯ್ಯ, ಯಂತ್ರ’ ಎಂದರು. ನಾನದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಆ ಗೆಲುವಿನ ಗಾಳಿಯಲ್ಲೇ ಇನ್ನೊಂದು ಯೋಜನೆ ತಂದೆ. ಹಳೇ ಅಳತೆ ನೋಟ್‌ಬುಕ್ಕು ತಂದುಕೊಟ್ಟವರಿಗೆ ಹೊಸ ಇಸ್ತ್ರಿಪೆಟ್ಟಿಗೆ. ನೋಟ್‌ಬುಕ್ಕಿನಲ್ಲಿದ್ದುದನ್ನು ನಾವೇ ಆ್ಯಪ್‌ಗೆ ಏರಿಸಿ, ಕಾಗದವನ್ನು ರಟ್ಟಿನ ಕಾರ್ಖಾನೆಗೆ ಕಳಿಸಿದೆವು. ಕಾಗದ ಮನೆಯಲ್ಲಿ ಇರುವವರೆಗೆ ಜನ ಫೋನನ್ನು ನಂಬುವುದಿಲ್ಲ ಎಂಬುದು ನನ್ನ ಸಿದ್ಧಾಂತ.

ಮೂರು ತಿಂಗಳ ಬಳಿಕ ಗ್ರಾಫಿನಲ್ಲಿ ಒಂದೇ ಒಂದು ಗೂಟ ಎದ್ದು ನಿಂತಿತ್ತು: ‘ಹಳೇ ಗಿರಾಕಿಗಳು’ ಎಂಬ ಪುಟ. ಆರು ತಿಂಗಳಿಂದ ಏನೂ ಹೊಲಿಸದವರ ಅಳತೆ ಅಲ್ಲಿ ಹೋಗಿ ಕೂರುತ್ತಿತ್ತು. ಆ ಪುಟದಿಂದ ಬರುವ ಆರ್ಡರು ಎಲ್ಲಕ್ಕಿಂತ ಕಡಿಮೆ, ಬೀಳುವ ಕಾಳು ಎಲ್ಲಕ್ಕಿಂತ ಹೆಚ್ಚು. ಅದರಲ್ಲೂ ಕೆರೆಬೀದಿಯ ರುದ್ರಾಂಬಾ ಎಂಬ ಟೈಲರಮ್ಮನ ತಟ್ಟೆಯಲ್ಲಿ ಆ ಒಂದೇ ಪುಟಕ್ಕೆ ದಿನಕ್ಕೆ ನಲವತ್ತು ಕಾಳು. ‘ಪಾಪ, ಆ ಪುಟ ಅವರನ್ನು ಕೊಲ್ತಾ ಇದೆ. ತೆಗೆದುಬಿಡೋಣ, ಅಳತೆ ಸಮೇತ. ಸರ್ವರ್ ಭಾರವೂ ಇಳಿಯುತ್ತೆ’ ಎಂದೆ ಮೀಟಿಂಗಿನಲ್ಲಿ.

ಫಿಲೋಮಿನಾ ತಲೆ ಎತ್ತಿದಳು. ‘ಸಿದ್ದಣ್ಣ, ಒಬ್ಬರನ್ನಾದ್ರೂ ಕೇಳಿ ನೋಡೋಣ.’

‘ಏನಂತ ಕೇಳ್ತೀಯಮ್ಮ? ಅಕ್ಕಾ, ಯಾಕೆ ನಿಟ್ಟುಸಿರು ಬಿಟ್ರಿ ಅಂತಾನಾ? ನಿಮ್ಮಮ್ಮ ನಿನಗೆ ಇದೇನಾ ಹೇಳಿಕೊಟ್ಟಿದ್ದು?’

ಎಲ್ಲರೂ ನಕ್ಕರು. ಅವಳು ಮತ್ತೆ ತಲೆ ಬಗ್ಗಿಸಿದಳು. ಎಣಿಸುವಾಗ ನನಗೆ ಊರಿನ ಕಟ್ಟಳೆ ನೆನಪಾಗಿರಲಿಲ್ಲ, ಕೇಳುವ ಮಾತು ಬಂದಾಗ ಮಾತ್ರ ನೆನಪಾಯಿತು. ಅಳಿಸುವ ಬಟನ್ನನ್ನು ನಾನೇ ಒತ್ತುತ್ತೇನೆಂದು ಹಟ ಮಾಡಿ ಒತ್ತಿದೆ, ಗುದ್ದಲಿ ಪೂಜೆಗೆ ಬಂದ ಮಂತ್ರಿಯ ಹಾಗೆ.

ಗ್ರಾಫಿನ ಗೂಟ ಮಾಯವಾಯಿತು. ರುದ್ರಾಂಬಾ ಎಂಬ ಹೆಸರಿನ ಮುಂದೆ ನಲವತ್ತು ಇದ್ದದ್ದು ಮೂರಕ್ಕೆ ಇಳಿಯಿತು. ಧರಣೇಂದ್ರಯ್ಯನವರಿಗೆ ಹಿಗ್ಗೋ ಹಿಗ್ಗು. ‘ಆ ಹೆಣ್ಣುಮಗಳ ಫೋಟೋ ತಗೊಂಡು ಬಾರಯ್ಯ. ನಗ್ತಾ ಇರೋದು. ದೊಡ್ಡದಾಗಿ ಹಾಕಿಸೋಣ’ ಎಂದರು. ಅಳಿಸಿ ನಲವತ್ತೊಂದು ದಿನವಾಗಿತ್ತು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೆರೆಬೀದಿಗೆ ಹೊರಟೆ, ನನ್ನ ಉಪಕಾರವನ್ನು ಕಣ್ಣಾರೆ ನೋಡಲು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಒಳಗೆ ಕಾಲಿಟ್ಟವನು ಜಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನೆಲದ ಮೇಲೆ ಮೊಣಕಾಲುದ್ದ ಕಾಳು. ಇಲ್ಲ, ಈ ಕತೆಯಲ್ಲಿ ಅಷ್ಟು ಬೇಡ, ಹೆಬ್ಬೆರಳು ಮುಳುಗುವಷ್ಟು. ಹೊಲಿಗೆ ಮೆಷಿನ್ನಿನ ಪೆಡಲಿನ ಸುತ್ತ ಬೂದುಬಣ್ಣದ ದಿಬ್ಬ. ಫೋನು ಸ್ಟ್ಯಾಂಡಿನಲ್ಲಿ ಇರಲಿಲ್ಲ. ಡ್ರಾಯರಿನಲ್ಲಿ ದಾರದ ಉಂಡೆಗಳ ಜೊತೆ ಮಲಗಿತ್ತು. ತಟ್ಟೆ ಖಾಲಿ. ನನ್ನ ಗ್ರಾಫು ಇಳಿದದ್ದು ಹೀಗೆ. ರುದ್ರಾಂಬಕ್ಕ ನಲವತ್ತರ ಆಸುಪಾಸಿನ ಹೆಂಗಸು, ಕೊರಳಿಗೆ ಟೇಪು ಇಳಿಬಿಟ್ಟುಕೊಂಡು, ಮಡಿಲಲ್ಲಿ ಗಿಳಿಹಸಿರು ರೇಷ್ಮೆಯ ಬಟ್ಟೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಕತ್ತರಿ ಪಕ್ಕದಲ್ಲಿತ್ತು.

‘ಆಫೀಸಿನೋರಾ? ಬನ್ನಿ, ಕಾಳು ನೋಡ್ಕೊಂಡು ಬನ್ನಿ, ಜಾರುತ್ತೆ’ ಎಂದರು. ನಾನು ಪರಿಚಯ ಹೇಳಿಕೊಂಡೆ, ಶಾಲಿನ ವಿಷಯವನ್ನೂ ಸೇರಿಸಿ. ಅವರು ಕೇಳಿಸಿಕೊಂಡು, ‘ಒಳ್ಳೇದಾಯ್ತು ಸಿದ್ದಣ್ಣ. ಆ ಹಳೇ ಗಿರಾಕಿಗಳ ಪುಟ ಎಲ್ಲೋಯ್ತು? ನಾನು ದಿನಾ ದೂರು ಒತ್ತಿದೀನಿ. ಇನ್ನೂ ರಿಪೇರಿ ಆಗಿಲ್ವಾ?’ ಎಂದರು.

ದಿನಾ ಒತ್ತಿದ್ದರು. ಹೌದು. ಒಬ್ಬರೇ ಪದೇ ಪದೇ ದೂರು ಕೊಟ್ಟರೆ ಲೆಕ್ಕ ಕೆಡುತ್ತದೆಂದು, ಒಬ್ಬರ ದೂರು ಎಷ್ಟು ಸಲ ಬಂದರೂ ಒಂದೇ ಎಂದು ಎಣಿಸುವಂತೆ ಮಾಡಿಸಿದವನು ನಾನು. ನಲವತ್ತೊಂದು ದಿನದ ನಲವತ್ತೊಂದು ದೂರು ನನ್ನ ಕಾಗದದಲ್ಲಿ ‘ಇತರೆ: ಒಂದು’ ಎಂದಾಗಿತ್ತು. ಆದರೂ ನನ್ನ ನಾಲಿಗೆ ಇನ್ನೂ ಕೊಬ್ಬಿನಲ್ಲೇ ಇತ್ತು. ‘ಕೆಟ್ಟಿಲ್ಲ ಅಕ್ಕ. ನಾನೇ ತೆಗೆದದ್ದು. ನಿಮಗೆ ತ್ರಾಸು ಆಗ್ತಿತ್ತಲ್ಲ’ ಎಂದೆ.

‘ತ್ರಾಸಾ? ಯಾರು ಹೇಳಿದ್ರು?’

ಆಗ ಹೇಳಬೇಕಾಯಿತು. ತಟ್ಟೆಯ ವಿಷಯ, ದಿನಕ್ಕೆ ನಲವತ್ತರ ವಿಷಯ. ನಾನು ಹೇಳುತ್ತಾ ಹೋದಂತೆ ಅವರು ಮಡಿಲಿನ ಬಟ್ಟೆಯನ್ನು ಎದೆಯವರೆಗೆ ಎಳೆದುಕೊಂಡರು, ಸ್ನಾನ ಮಾಡುವಾಗ ಯಾರೋ ಕದ ತೆರೆದ ಹಾಗೆ. ನಾನು ಕಣ್ಣು ತಗ್ಗಿಸಿದೆ. ತಗ್ಗಿಸಿದರೆ ಕೆಳಗೆ ಕಾಳು. ಎತ್ತಿದರೆ ಅವರ ಮುಖ. ಕಣ್ಣಿಡಲು ಆ ಕೋಣೆಯಲ್ಲಿ ನನಗೆ ಜಾಗವೇ ಇರಲಿಲ್ಲ.

ಕಟ್ಟಳೆ ಹೇಗೂ ಮುರಿದಾಗಿದೆ ಎಂದು ಕೇಳಿಯೇಬಿಟ್ಟೆ. ‘ಆ ಪುಟದಲ್ಲಿ ಏನಿತ್ತಕ್ಕ?’

‘ನನ್ನ ಮಗಳಿದ್ದಳು’ ಎಂದರು.

ಅವರು ಹೇಳಿದ್ದು ಇಷ್ಟು. ಗಂಡ ತೀರಿಕೊಂಡ ವರ್ಷವೇ ಅವರಿಗೆ ಎದೆಯ ಕಾಯಿಲೆ ಬಂದು ಎರಡು ವರ್ಷ ಆಸ್ಪತ್ರೆಯಲ್ಲಿ ಇರಬೇಕಾಯಿತು. ಎರಡು ವರ್ಷದ ಮಗು ಬಿಂದುವನ್ನು ಗಂಡನ ಅಕ್ಕ ದಾಕ್ಷಾಯಣಮ್ಮ ಒಯ್ದು ಸಾಕಿದರು. ಗುಣವಾಗಿ ಬರುವ ಹೊತ್ತಿಗೆ ಮಗು ಆಕೆಯನ್ನೇ ಅಮ್ಮ ಎನ್ನುತ್ತಿತ್ತು, ಇವರನ್ನು ಕಂಡರೆ ಅಳುತ್ತಿತ್ತು. ‘ಕಿತ್ಕೊಂಡು ಬರೋಕೆ ನನಗೇ ಮನಸ್ಸಾಗಲಿಲ್ಲ. ನಾನೇ ಒಪ್ಪಿದ್ದು, ಅವರದ್ದೇನೂ ತಪ್ಪಿಲ್ಲ’ ಎಂದರು. ದಾಕ್ಷಾಯಣಮ್ಮ ಒಂದು ದಾರಿ ಬಿಟ್ಟುಕೊಟ್ಟಿದ್ದರು. ವರ್ಷಕ್ಕೊಂದು ದಿನ, ಯುಗಾದಿಗೆ ಮೊದಲು, ಹಬ್ಬದ ಲಂಗ ಜಾಕೀಟಿನ ಅಳತೆಗೆಂದು ರುದ್ರಾಂಬಕ್ಕ ಆ ಮನೆಗೆ ಹೋಗಬಹುದು, ಟೈಲರಾಗಿ. ಮಗು ಅವರನ್ನು ಟೈಲರ್ ಆಂಟಿ ಎಂದು ಕರೆಯುತ್ತದೆ. ಭುಜಕ್ಕೆ ಟೇಪು ಹಿಡಿಯುವಾಗ ಭುಜ ಮುಟ್ಟಬಹುದು, ಸೊಂಟಕ್ಕೆ ಹಿಡಿಯುವಾಗ ಒಂದು ಸುತ್ತು ತಬ್ಬಿದ ಹಾಗಾಗುತ್ತದೆ. ಒಂಬತ್ತು ವರ್ಷ, ಒಂಬತ್ತು ಸಾಲು. ಆ ಸಾಲುಗಳನ್ನು ದಿನಾ ಬೆಳಗ್ಗೆ ತೆಗೆದು ಓದುತ್ತಿದ್ದರಂತೆ. ಇನ್ನೊಬ್ಬರು ಪಾರಾಯಣ ಮಾಡುವ ಹೊತ್ತಿಗೆ. ‘ಯಾವ ವರ್ಷ ಎಷ್ಟು ಚಿಗುರಿದಳು, ಯಾವ ವರ್ಷ ಜ್ವರ ಬಂದು ಸೊರಗಿದ್ದಳು, ಎಲ್ಲಾ ಅದರಲ್ಲಿತ್ತು. ಅದು ತ್ರಾಸಲ್ಲ ಸಿದ್ದಣ್ಣ. ನಿಮಗೆ ಹೇಗೆ ಹೇಳಲಿ.’

ವರ್ಷಕ್ಕೊಮ್ಮೆ ಬರುವವಳು ನನ್ನ ಲೆಕ್ಕದಲ್ಲಿ ಹಳೇ ಗಿರಾಕಿ, ಸತ್ತ ಗಿರಾಕಿ.

ಈ ವರ್ಷ ಆ ದಾರಿಯೂ ಮುಚ್ಚುವುದರಲ್ಲಿತ್ತು. ಬಿಂದುವಿಗೆ ಹದಿಮೂರು; ಪ್ರಶ್ನೆ ಕೇಳುವ ವಯಸ್ಸು, ಮುಖವೂ ಹೋಲತೊಡಗಿದೆ. ದಾಕ್ಷಾಯಣಮ್ಮನಿಗೆ ಹೆದರಿಕೆ. ಬಟ್ಟೆಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿ, ‘ಅಳತೆಗೆ ಬರೋದು ಬೇಡ. ಹೋದ ವರ್ಷದ ಅಳತೆಗೆ ಎರಡು ಬೆರಳು ಹೆಚ್ಚಿಟ್ಟು ಹೊಲಿ. ಸರಿಹೋದರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷದಿಂದ ರೆಡಿಮೇಡೇ ಕೊಳ್ತೀವಿ’ ಎಂದು ಹೇಳಿಕಳಿಸಿದ್ದರು. ಆ ಹೋದ ವರ್ಷದ ಅಳತೆಯೇ ಈಗ ಇಲ್ಲ. ದಿನಾ ಓದುತ್ತಿದ್ದರೂ ಅವರ ಕಣ್ಣಿಗೆ ಕಾಣುತ್ತಿದ್ದದ್ದು ಮಗಳು, ಅಂಕಿ ನೆನಪಿನಲ್ಲಿ ನಿಂತಿರಲಿಲ್ಲ. ಲಂಗ ಸರಿಯಾಗಿ ಕೂತರೆ ಅವರು ಮಗಳನ್ನು ಮತ್ತೆ ಮುಟ್ಟುವ ಆಸೆಯಾದರೂ ಉಳಿಯುತ್ತದೆ. ಕೂರದಿದ್ದರೆ ಅದೂ ಇಲ್ಲ.

‘ನನಗೆ ಒಂದು ದಿನ ಕೊಡಿ ಅಕ್ಕ, ಪಾತಾಳದಿಂದಾದ್ರೂ ತರ್ತೀನಿ’ ಎಂದು ಎದ್ದೆ. ದಾರಿಯುದ್ದಕ್ಕೂ ಓಡಿದೆ. ಆಫೀಸಿನಲ್ಲಿ ಫಿಲೋಮಿನಾ ನನ್ನ ಮಾತನ್ನು ಪೂರ್ತಿ ಕೇಳಿ, ಕೀಬೋರ್ಡಿನ ಮೇಲಿಂದ ಕೈ ತೆಗೆದಳು. ‘ಬ್ಯಾಕಪ್ ಇರೋದು ಮೂವತ್ತು ದಿನ. ಅಷ್ಟು ಸಾಕು ಅಂದಿದ್ದು ನೀವೇ.’

‘ನೋಟ್‌ಬುಕ್ಕು?’

‘ಇಷ್ಟೊತ್ತಿಗೆ ಯಾರದೋ ಚಪ್ಪಲಿ ಡಬ್ಬಿ ಆಗಿರುತ್ತೆ ಸಿದ್ದಣ್ಣ.’

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಕೈಕಾಲು ಆಡುತ್ತಿದ್ದವು.

ಆಗ ನಾನು ಮಾಡಿದ ಕೆಲಸ ಇದೆಯಲ್ಲ, ಅದನ್ನು ಜಾಣತನ ಎಂದು ಅರ್ಧ ದಿನ ನಂಬಿದ್ದೆ. ಕೊರಳಿಗೆ ಕಂಪನಿಯ ಗುರುತಿನ ಚೀಟಿ, ಕೈಯಲ್ಲಿ ಟೇಪು ಹಿಡಿದು ನೇರ ದಾಕ್ಷಾಯಣಮ್ಮನವರ ಬಾಗಿಲಿಗೆ ಹೋಗಿ ನಿಂತೆ. ‘ಅಮ್ಮಾ, ಕೈಯಳತೆ ಕಂಪನಿ. ಬೆಳೆಯುವ ಮಕ್ಕಳ ಸರ್ವೆ. ನಿಮ್ಮ ಹುಡುಗಿಯ ಭುಜ, ಸೊಂಟ ಒಂದೆರಡು ಅಳತೆ ಕೊಟ್ಟರೆ ಸಾಕು.’

ಎತ್ತರದ, ಗಟ್ಟಿ ಧ್ವನಿಯ ಹೆಂಗಸು ಆಕೆ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ‘ಏನಂದೆ? ಹದಿಮೂರು ವರ್ಷದ ಹುಡುಗಿ ಸೊಂಟ ಅಳೆಯೋಕೆ ಗಂಡಸು ಬಂದಿದೀಯಾ? ಯಾವ ಕಂಪನಿಯಪ್ಪ ಅದು? ರೀ ಪಾರ್ವತಕ್ಕ, ಬನ್ರೀ ಇಲ್ಲಿ, ಒಂದು ಪ್ರಾಣಿ ನೋಡೋಕೆ.’

ಬೀದಿ ಸೇರಿತು. ನಾನು ಸರ್ವೆಯ ಮಹತ್ವ ವಿವರಿಸಲು ಹೋದೆ. ಒಬ್ಬಾಕೆ, ‘ಮೊದಲು ಇವನ ನಾಲಿಗೆ ಉದ್ದ ಅಳೀರಿ’ ಎಂದಳು. ಇನ್ನೊಬ್ಬಾಕೆ ನನ್ನ ಟೇಪನ್ನು ಕಿತ್ತುಕೊಂಡು ಅದರಲ್ಲೇ ನನ್ನ ಬೆನ್ನಿಗೆ ಎರಡು ಬಾರಿಸಿದಳು. ಬೀದಿಯ ಕೊನೆಯವರೆಗೆ ನಗು ನನ್ನ ಹಿಂದೆಯೇ ಬಂತು. ಹಾಸ್ಯಾಸ್ಪದವಾಗಿದ್ದು ನನಗೆ ಅಷ್ಟು ಕಷ್ಟವಾಗಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು, ಅದು ಕಷ್ಟವಾಯಿತು. ಕೇಳದೆ ಇನ್ನೊಬ್ಬರ ಮೈಮನಸ್ಸು ಅಳೆಯುವುದೇ ನನ್ನ ಕಸುಬು. ಟೇಪು ಹಿಡಿದುಕೊಂಡು ಹೋದದ್ದಕ್ಕೆ ಸಿಕ್ಕಿಬಿದ್ದೆ, ಅಷ್ಟೇ.

ಬರಿಗೈಯಲ್ಲಿ ರುದ್ರಾಂಬಕ್ಕನ ಮುಂದೆ ನಿಂತು, ಅಳತೆ ಸಿಗಲಿಲ್ಲ ಎಂದೆ. ಆಗಲೇ ಅವರಿಗೆ ಗೊತ್ತಿತ್ತು. ಕೆರೆಬೀದಿಗೆ ಸುದ್ದಿ ನನಗಿಂತ ಬೇಗ ತಲುಪಿತ್ತು. ಅವರು ಕಣ್ಣು ಮುಚ್ಚಿಕೊಂಡು, ಎರಡೂ ಕೈಗಳನ್ನು ಎದುರಿಗೆ ಚಾಚಿ, ಇಲ್ಲದ ಒಬ್ಬ ಹುಡುಗಿಯ ಭುಜದ ಮೇಲೆ ಬೆರಳಿಟ್ಟರು. ಸೊಂಟಕ್ಕೆ ಇಳಿಸಿದರು. ಕಣ್ಣು ತೆರೆದಾಗ ಕೈಗಳ ನಡುವಿನ ಅಂತರವನ್ನು ಕದಲಿಸದೆ, ‘ಟೇಪು ಹಿಡೀರಿ’ ಎಂದರು. ಹಿಡಿದೆ. ಅವರು ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಟ್ಟೆ ಕತ್ತರಿಸಿದರು. ನಾಲ್ಕು ದಿನದಲ್ಲಿ ಲಂಗ ಜಾಕೀಟು ಹೋಯಿತು.

ಎರಡನೇ ದಿನಕ್ಕೆ ವಾಪಸು ಬಂತು. ತಂದ ಪಕ್ಕದ ಮನೆಯಾಕೆ ಗಂಟನ್ನು ಹೊಸ್ತಿಲಿನ ಮೇಲಿಟ್ಟು, ‘ಜಾಕೀಟು ಬಿಗಿ, ತೋಳು ಗಿಡ್ಡ. ದಾಕ್ಷಾಯಣಮ್ಮ ಇನ್ನು ಮುಂದೆ ಬೇಡ ಅಂದ್ರು’ ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಹೋದಳು. ನಾನು ಅಲ್ಲೇ ಇದ್ದೆ. ಆ ದಿನಗಳಲ್ಲಿ ಆಫೀಸಿಗಿಂತ ಹೆಚ್ಚಾಗಿ ಅಲ್ಲೇ ಇರುತ್ತಿದ್ದೆ, ಕಾಜಾ ಗುಂಡಿ ಜೋಡಿಸಿಕೊಡುತ್ತ.

ರುದ್ರಾಂಬಕ್ಕ ಅಳುತ್ತಾರೆಂದುಕೊಂಡೆ. ಅವರು ಜಾಕೀಟನ್ನು ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದರು. ಹಾಕಿ ನೋಡಿದಾಗ ಹೊಲಿಗೆ ಎಲ್ಲೆಲ್ಲಿ ಎಳೆದಿದೆ, ದಾರ ಎಲ್ಲಿ ಬಿರಿದಿದೆ, ರೇಷ್ಮೆಯಲ್ಲಿ ಎಲ್ಲಿ ನಿರಿಗೆ ಬಿದ್ದಿದೆಯೆಂದು ಉಗುರಿನಲ್ಲಿ ತಡವುತ್ತಾ ಹೋದರು. ಅವರ ಮುಖ ನಿಧಾನವಾಗಿ ಬದಲಾಯಿತು. ‘ನೋಡ್ರಿ ಇಲ್ಲಿ. ಭುಜಕ್ಕೆ ಮುಕ್ಕಾಲು ಇಂಚು ಬೇಕು. ಎದೆಗೆ ಒಂದೂವರೆ. ತೋಳಿಗೆ ಒಂದು. ಅಬ್ಬಾ ಹುಡುಗೀ, ನಾನು ನೆನೆಸಿದ್ದಕ್ಕಿಂತ ಬೆಳೆದಿದಾಳೆ’ ಎಂದರು. ನಾನು ಏಳುನೂರು ತಟ್ಟೆ ಇಟ್ಟು ತಿಳಿಯಲಾಗದ್ದನ್ನು ಅವರು ಒಂದು ಬಿರಿದ ಹೊಲಿಗೆಯಿಂದ ತಿಳಿದುಕೊಂಡರು. ಅಲ್ಲೊಂದು ಸಣ್ಣ ನಗೆಯೂ ಬಂದು ಹೋಯಿತು. ಅಂಚಿನೊಳಗೆ ಮಡಿಚಿಟ್ಟಿದ್ದ ಬಟ್ಟೆ ಸಾಕಾಗುತ್ತದೆಯೇ ಎಂದು ನೋಡಿ, ಹೊಲಿಗೆ ಬಿಚ್ಚತೊಡಗಿದರು.

ಸಂಜೆಯ ಹೊತ್ತಿಗೆ ಹೊಸದಾಗಿ ಹೊಲಿದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಇಸ್ತ್ರಿಪೆಟ್ಟಿಗೆ ನಮ್ಮ ಕಂಪನಿಯದೇ. ‘ನೀವೇ ಕೊಟ್ಟು ಬನ್ನಿ.’

‘ನಾನಾ? ಅಕ್ಕ, ಆ ಬೀದಿಯಲ್ಲಿ ನನ್ನನ್ನ…’

‘ನೀವಲ್ಲದೆ ಇನ್ಯಾರು ಹೋಗಬೇಕು?’

ಹೋದೆ. ಹೋಗುವಾಗ ನಾಲ್ಕು ತರದ ಸುಳ್ಳು ಸಿದ್ಧ ಮಾಡಿಕೊಂಡಿದ್ದೆ, ಒಂದಕ್ಕಿಂತ ಒಂದು ಸೊಗಸು. ದಾಕ್ಷಾಯಣಮ್ಮ ಬಾಗಿಲು ತೆರೆದರು. ಅವರ ಹಿಂದೆ ಉದ್ದ ಜಡೆಯ, ಚೂಪುಗಲ್ಲದ ಹುಡುಗಿ. ಆ ಗಲ್ಲ ನಾನು ಕಂಡದ್ದೇ. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ಇಡೀ ಊರೇ ಬಂದಿತ್ತು ಎನ್ನಬೇಕೆನಿಸುತ್ತದೆ, ಬಂದವರು ಹನ್ನೊಂದು ಜನ. ಸಿದ್ಧ ಮಾಡಿಕೊಂಡದ್ದು ಒಂದೂ ಬಾಯಿಗೆ ಬರಲಿಲ್ಲ.

‘ಅಮ್ಮಾ, ಲಂಗ ಕೆಟ್ಟದ್ದು ಟೈಲರಮ್ಮನಿಂದ ಅಲ್ಲ. ಅವರ ಹತ್ತಿರ ಒಂಬತ್ತು ವರ್ಷದ ಅಳತೆ ಇತ್ತು, ಅದನ್ನ ಅಳಿಸಿಹಾಕಿದ್ದು ನಾನು. ಕಾಗದದ ಪುಸ್ತಕಾನೂ ಹಾಳು ಮಾಡಿದ್ದು ನಾನೇ. ಬೇಡವಾದದ್ದು ಅಂದ್ಕೊಂಡು ಅಳಿಸಿದೆ. ಯಾಕೆ ಹಾಗಂದ್ಕೊಂಡೆ ಅಂದ್ರೆ…’ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ. ‘ಅಂದ್ರೆ, ನಾನು ಜನರ ಕಾಳು ಎಣಿಸ್ತಿದ್ದೆ. ಈ ಬೀದೀಲೂ ಎಣಿಸಿದೀನಿ.’

ಯಾರೂ ನಗಲಿಲ್ಲ. ಹೋದ ಸಲ ಟೇಪಿನಲ್ಲಿ ಬಾರಿಸಿದ್ದಾಕೆ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಬೈಗುಳಕ್ಕೆ ಒಗ್ಗಿದ ಮೈ ನನ್ನದು; ಆ ಎರಡು ಹೆಜ್ಜೆ ಈಗಲೂ ಒಗ್ಗಿಲ್ಲ. ದಾಕ್ಷಾಯಣಮ್ಮ ನನ್ನ ಮುಖವನ್ನೇ ನೋಡುತ್ತ ನಿಂತರು. ಅವರ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಭಯ. ಇವನಿಗೆ ಎಲ್ಲ ಗೊತ್ತಿದೆ, ಈಗ ಹುಡುಗಿಯ ಮುಂದೆ ಬಾಯಿ ಬಿಡುತ್ತಾನೆ ಎಂದು. ಬಿಂದು ಅಷ್ಟರಲ್ಲಿ ಕಾಗದದ ಪೊಟ್ಟಣ ಇಸಿದುಕೊಂಡು ಒಳಗೆ ಹೋಗಿದ್ದಳು.

ಹೊರಗೆ ಬಂದಳು, ಲಂಗ 	ಜಾಕೀಟು ಹಾಕಿಕೊಂಡು. ಒಂದು ಸುತ್ತು ತಿರುಗಿದಳು. ಆಮೇಲೆ ನನ್ನ ಹತ್ತಿರ ಬಂದು, ‘ಅಂಕಲ್, ನೀವು ಟೈಲರ್ ಆಂಟಿ ಕಡೆಯವರಾ? ಈ ಸಲ ಯಾಕೆ ಅವರು ಬರಲಿಲ್ಲ? ಅಳತೆ ತಗೊಳ್ಳುವಾಗ ಅವರ ಕೈ ಯಾವಾಗಲೂ ನಡುಗುತ್ತೆ. ಯಾಕೆ ಹಾಗೆ?’ ಎಂದು ಕೇಳಿದಳು.

ನನ್ನ ಜೀವಮಾನದಲ್ಲಿ ಯಾರೇ ಏನೇ ಕೇಳಿದರೂ ನಾನು ಉತ್ತರ ಇಲ್ಲ ಎಂದವನಲ್ಲ. ಗೊತ್ತಿಲ್ಲದ್ದನ್ನೂ ದಶಾಂಶ ಸಮೇತ ಹೇಳಿದವನು. ಈ ಒಂದು ಪ್ರಶ್ನೆಗೆ ಉತ್ತರ ಚೆನ್ನಾಗಿ ಗೊತ್ತಿತ್ತು, ಆದರೆ ಅದು ನನ್ನದಾಗಿರಲಿಲ್ಲ.

‘ನನಗೆ ಗೊತ್ತಿಲ್ಲಮ್ಮ’ ಎಂದೆ.

ದಾಕ್ಷಾಯಣಮ್ಮ ಬಾಗಿಲ ಚೌಕಟ್ಟಿಗೆ ಒರಗಿದರು. ಹುಡುಗಿಯನ್ನು ಒಳಗೆ ಕಳಿಸಿ, ತಗ್ಗಿದ ದನಿಯಲ್ಲಿ ಹೇಳಿದರು: ‘ಮುಂದಿನ ವರ್ಷ ಅವಳೇ ಬಂದು ಅಳತೆ ತಗೊಳ್ಳಲಿ. ಊಟಕ್ಕೆ ಇರೋಕೆ ಹೇಳು. ನಿನ್ನ ಮುಖ ಮಾತ್ರ ಈ ಬೀದೀಲಿ ಕಾಣಬಾರದು.’

ಕೆರೆಬೀದಿಗೆ ಬಂದು, ಬಿಂದು ಲಂಗ ಹಾಕಿಕೊಂಡು ತೋರಿಸಿದ್ದನ್ನೂ ಆ ಮಾತನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ರುದ್ರಾಂಬಕ್ಕ ಮೆಷಿನ್ನಿನ ಮೇಲೆ ಕೈಯೂರಿ ಕೇಳಿಸಿಕೊಂಡರು. ಊಟಕ್ಕೆ ಇರುವ ಮಾತನ್ನು ಎರಡು ಸಲ ಹೇಳಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡು, ಟೈಲರಿನ ದನಿಗೆ ಮರಳಿ ಕೇಳಿದರು.

‘ಹಾಕ್ಕೊಂಡು ತೋರಿಸಿದಳು ಅಂದ್ರಲ್ಲ. ಭುಜ ಸರಿಯಾಗಿ ಕೂತಿತ್ತಾ? ತೋಳು ಎಲ್ಲಿಗೆ ಬಂದಿತ್ತು?’

ಹುಡುಗಿ ಎದುರಿಗೇ ಒಂದು ಸುತ್ತು ತಿರುಗಿದ್ದಳು. ನಾನಾಗ ಹನ್ನೊಂದು ಜನ ನನ್ನನ್ನು ಹೇಗೆ ನೋಡುತ್ತಿದ್ದಾರೆಂದು ನೋಡುತ್ತಿದ್ದೆ.

‘ಅಕ್ಕ, ಅದನ್ನ ನಾನು ನೋಡಲಿಲ್ಲ.’

ಅವರು ನನ್ನ ಕಡೆ ತಿರುಗಿದರು. ‘ಮತ್ತೆ ಇನ್ನೇನು ನೋಡ್ಕೊಂಡು ಬಂದ್ರಿ?’ ಎಂದರು.